ಟಾಕೀಸಿನ ಗೇಟಿನಲ್ಲಿ ಶಶಿರೇಖಾ ಕೇಳಿದ್ದು

ಕುಣಿಗಲ್ಲಿನಲ್ಲಿ ಒಂದು ಕಾಲಕ್ಕೆ ಚಿಕ್ಕ ಮಕ್ಕಳಿದ್ದ ಹೆಂಗಸರು ಸಿನಿಮಾಕ್ಕೆ ಹೊರಡುವ ಮುಂಚೆ ಗೇಟಿನ ರಾಮಾಂಜಿನಯ್ಯನನ್ನು ಒಂದು ಮಾತು ಕೇಳುತ್ತಿದ್ದರು. ಸಂತೆಗೆ ಹೋಗುವಾಗಲೋ, ಬಸ್ ಸ್ಟ್ಯಾಂಡಿನಿಂದ ಮನೆ ಕಡೆ ನಡೆಯುವಾಗಲೋ ಟಾಕೀಸಿನ ಮುಂದೆ ಒಂದು ಗಳಿಗೆ ನಿಂತು, "ರಾಮಾಂಜಿನಣ್ಣ, ಈ ಪಿಚ್ಚರ್‌ಗೆ ಮಕ್ಳನ್ನ ಕರ್ಕೊಂಡ್ ಬರ್ಬೋದಾ?" ಎನ್ನುವರು. ಅವನು ಖಾಕಿ ಅಂಗಿಯ ಜೇಬಿನಲ್ಲಿ ಟಾರ್ಚು ಸಿಕ್ಕಿಸಿಕೊಂಡು, ಯೋಚಿಸಿ, ಉತ್ತರ ಹೇಳುವನು. ಅವನು ಬೇಡ ಎಂದರೆ ಆ ವಾರ ಆ ಮನೆಯವರು ಬರುತ್ತಿರಲಿಲ್ಲ.

ಈ ಕೆಲಸವನ್ನು ಅವನಿಗೆ ಯಾರೂ ವಹಿಸಿರಲಿಲ್ಲ. ಅವನ ಕೆಲಸ ಟಿಕೆಟ್ ಹರಿದು ಒಳಗೆ ಬಿಡುವುದು, ಕತ್ತಲಲ್ಲಿ ಸೀಟು ತೋರಿಸುವುದು, ಇಂಟರ್‌ವಲ್ಲಿನಲ್ಲಿ ಬಾಗಿಲು ತೆಗೆಯುವುದು, ಇಷ್ಟೆ. ಸೇರಿದ ಹೊಸತರಲ್ಲಿ ಒಂದು ದಿನ ಬೆಳ್ಳಾವಿ ಕಡೆಯಿಂದ ತವರಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಮೂರು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಸಿನಿಮಾಕ್ಕೆ ಬಂದಳು. ಮೊದಲ ಹೊಡೆದಾಟಕ್ಕೇ ಮಗು ಕಿರುಚಿ ಕಿರುಚಿ ಅಳತೊಡಗಿತು. ಅವಳು ಆಚೆ ಬಂದು ವರಾಂಡದ ಕಂಬಕ್ಕೆ ಒರಗಿ, ಒಳಗಿನಿಂದ ಬರುವ ಹಾಡುಗಳನ್ನು ಕೇಳಿಸಿಕೊಳ್ಳುತ್ತಾ, ಸಿನಿಮಾ ಮುಗಿಯುವವರೆಗೂ ಅಲ್ಲೇ ನಿಂತಿದ್ದಳು. ಜೊತೆಯಲ್ಲಿ ಬಂದವರು ಒಳಗಿದ್ದರು, ಅವರಿಲ್ಲದೆ ಮನೆಗೆ ಹೋಗುವಂತಿಲ್ಲ. ಬಾಗಿಲಲ್ಲಿದ್ದ ರಾಮಾಂಜಿನಯ್ಯ ಅದನ್ನೆಲ್ಲ ನೋಡಿದ. ಮುಂದಿನ ಶುಕ್ರವಾರದಿಂದ ಹೊಸ ಸಿನಿಮಾ ಬಂದರೆ ಬೆಳಗಿನ ಆಟವನ್ನು ಪರದೆಯ ಪಕ್ಕದ ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡುವುದನ್ನು ರೂಢಿ ಮಾಡಿಕೊಂಡ.

ಪರದೆಗಿಂತ ಹೆಚ್ಚು ಅವನು ನೋಡುತ್ತಿದ್ದುದು ಮುಂದಿನ ಸಾಲುಗಳಲ್ಲಿ ಕೂತ ಮಕ್ಕಳ ಮುಖ. ಹಾಗೆ ನೋಡಿ ನೋಡಿ ಅವನಿಗೆ ಕೆಲವು ವಿಷಯಗಳು ತಿಳಿದವು. ರಕ್ತ ಕಂಡರೆ ಎಲ್ಲ ಮಕ್ಕಳೂ ಹೆದರುವುದಿಲ್ಲ. ತಾಯಿ ಪಾತ್ರ ಅತ್ತರೆ ಹೆದರುತ್ತವೆ. ದೆವ್ವಕ್ಕಿಂತ, ಅಲ್ಲಿಯವರೆಗೂ ನಗುನಗುತ್ತಿದ್ದ ಮಾವ ಇದ್ದಕ್ಕಿದ್ದಂತೆ ಕೆಟ್ಟವನಾದರೆ ಹೆಚ್ಚು ಬೆಚ್ಚುತ್ತವೆ. ನಾಯಿ ಸತ್ತರೆ ಮನೆಗೆ ಹೋದ ಮೇಲೂ ಕೇಳುತ್ತವೆ. ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಅವನು ಹೆಂಗಸರಿಗೆ ಬಗೆಬಗೆಯ ಸಲಹೆ ಕೊಡುತ್ತಿದ್ದ. "ಧಾರಾಳವಾಗಿ ಕರ್ಕೊಂಡ್ ಬನ್ನಿ." "ಇಂಟರ್‌ವಲ್ಲಿಗೆ ಎದ್ದು ಹೋಗ್ಬುಡಿ, ಆಮೇಲಿಂದು ಬೇಡ." "ನಾಕ್ನೇ ಹಾಡು ಮುಗೀತಿದ್ದಂಗೆ ಮಗೂನ ಆಚೆ ಕರ್ಕೊಂಡ್ ಬಂದು ಕಡ್ಲೆಕಾಯಿ ಕೊಡ್ಸಿ. ಫೈಟ್ ಮುಗುದ್ ಮೇಲೆ ನಾನೇ ಕರೀತೀನಿ." ಪೋಸ್ಟರಿನ ಮೇಲಿನ ಸರ್ಟಿಫಿಕೇಟನ್ನು ಯಾರಾದರೂ ತೋರಿಸಿದರೆ ನಗುವನು. "ಸೆನ್ಸಾರ್‌ನೋರು ಎಲ್ಲೋ ಕೂತು ನೋಡ್ತಾರೆ. ಅವ್ರಿಗೆ ನಮ್ ಕುಣಿಗಲ್ ಮಕ್ಳು ಗೊತ್ತಾ?"

ಮಾಲೀಕ ರೇಣುಕಾಪ್ರಸಾದ್ ಮೊದಮೊದಲು ಗೊಣಗಿದರೂ, ಗೇಟಿನವನ ಮಾತು ನಂಬಿ ಸಂಸಾರಸ್ಥರು ಹೆಚ್ಚು ಬರುತ್ತಿದ್ದಾರೆಂದು ಗೊತ್ತಾದ ಮೇಲೆ ಸುಮ್ಮನಾದ. ಮನೆಯಲ್ಲಿ ಹೆಂಡತಿ ರಂಗಲಕ್ಷ್ಮಮ್ಮ ಮಾತ್ರ ತಮಾಷೆ ಮಾಡುತ್ತಿದ್ದಳು. "ಊರಿನ್ ಮಕ್ಳಿಗೆಲ್ಲ ನೀವೇ ಸೆನ್ಸಾರು. ನಮ್ಮನೇಲಿ ರಿಮೋಟು ನನ್ ಕೈಲಿ, ಅದು ನೆನಪಿರ್ಲಿ." ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಹೈಸ್ಕೂಲೂ ಮುಗಿಸದ, ಟಿಕೆಟ್ ಹರಿಯುವ ಮನುಷ್ಯನೊಬ್ಬನಿಗೆ ಊರು ಅಷ್ಟು ಬೆಲೆ ಕೊಟ್ಟಿತ್ತು. ಅವನಿಗೂ ಒಳಗೊಳಗೇ ಅದರ ಬಗ್ಗೆ ಹೆಮ್ಮೆ ಇತ್ತು.

ಎರಡು ಸಾವಿರದ ಹದಿಮೂರನೇ ಇಸವಿ. ಊರಿನ ಒಂದು ನರ್ಸರಿ ಶಾಲೆಯವರು ಪೋಷಕರ ಸಭೆಗೆ ರಾಮಾಂಜಿನಯ್ಯನನ್ನು ಅತಿಥಿಯಾಗಿ ಕರೆದರು. ಮಕ್ಕಳಿಗೆ ಎಂಥ ಸಿನಿಮಾ ತೋರಿಸಬೇಕು, ಎಂಥದ್ದು ಬೇಡ ಎಂದು ನಾಲ್ಕು ಮಾತು ಹೇಳಬೇಕಂತೆ. ಅವನು ನಂಬಲಿಲ್ಲ, ಎರಡು ಸಲ ಕೇಳಿದ. ಸಭೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕಿತ್ತು. ಆ ದಿನವೇ ಟಾಕೀಸಿಗೆ ಹೊಸ ಸಿನಿಮಾ. ಬೆಳಗಿನ ಆಟ ನೋಡಲು ಆಗುವುದಿಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿದರೂ, ಬಿಳಿ ಪಂಚೆ, ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದ.

ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಮೈಕಿನ ಮುಂದೆ ನಿಂತು ಮೊದಲ ಮಾತಿಗೆ ತಡವರಿಸಿದ. ಆದರೆ ಮಾತು ಶುರುವಾದ ಮೇಲೆ ಚೆನ್ನಾಗಿಯೇ ಬಂತು. "ಮಕ್ಳಿಗೆ ತೋರ್ಸೋ ಮುಂಚೆ ನೀವ್ ಒಂದ್ಸಲ ನೋಡಿ. ನೋಡ್ದೆ ಯಾವತ್ತೂ ಕರ್ಕೊಂಡ್ ಹೋಗ್ಬೇಡಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಸೂರು ಪೇಟ ಇಡಲು ಹೋದಾಗ ಅದು ತಲೆಗೆ ಹಿಡಿಯಲಿಲ್ಲ, ಕೈಯಲ್ಲಿ ಕೊಟ್ಟರು. ಶಾಲು ಹೊದಿಸಿ ಹಣ್ಣಿನ ತಟ್ಟೆ ಕೊಟ್ಟರು.

ಅವನು ಟಾಕೀಸಿಗೆ ಮರಳಿದಾಗ ಮಧ್ಯಾಹ್ನ ಒಂದೂವರೆ. ಬೆಳಗಿನ ಆಟ ಮುಗಿದಿತ್ತು. ಮ್ಯಾಟಿನಿಗೆ ಜನ ಸೇರುತ್ತಿದ್ದರು. ಶಾಲನ್ನು ಮಡಿಸಿಡಲು ಮನಸ್ಸು ಬಾರದೆ ಹೆಗಲ ಮೇಲೆಯೇ ಹಾಕಿಕೊಂಡು ಗೇಟಿಗೆ ನಿಂತ. ಮೇಲಿನಿಂದ ಇಳಿದು ಬಂದ ಪ್ರೊಜೆಕ್ಟರ್ ಆಪರೇಟರ್ ಬೆಟ್ಟಸ್ವಾಮಿಯನ್ನು, "ಹೆಂಗದ್ಯೋ ಪಿಚ್ಚರ್ರು?" ಎಂದು ಕೇಳಿದ.

"ಸಖತ್ ನಗು ಕಣಣ್ಣ. ಫ್ಯಾಮಿಲಿ ಪಿಚ್ಚರ್ರು. ಒಂದು ಫೈಟೂ ಇಲ್ಲ."

ಅಷ್ಟರಲ್ಲಿ ಶಶಿರೇಖಾ ಬಂದಳು. ಇಪ್ಪತ್ತಾರು ವರ್ಷದ ಹುಡುಗಿ. ಕುಣಿಗಲ್ಲಿನಲ್ಲೇ ಹುಟ್ಟಿ ಬೆಳೆದವಳು, ಗುಬ್ಬಿಯ ಮನೆತನಕ್ಕೆ ಕೊಟ್ಟಿದ್ದರು. ಗಂಡ ರವೀಶ್‌ಗೆ ಕುಣಿಗಲ್ಲಿನ ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಕೆಲಸವಿದ್ದುದರಿಂದ ಇಲ್ಲೇ ಸಂಸಾರ ಹೂಡಿದ್ದರು. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಗೆಳೆಯರ ಜೊತೆ ಕೆರೆಗೆ ಈಜಲು ಹೋದ ರವೀಶ್ ಮೇಲೆ ಬರಲಿಲ್ಲ. ಅವರಿಗೆ ಒಬ್ಬಳೇ ಮಗಳು, ಐದು ವರ್ಷದ ಸಿಂಚನಾ. ಅಪ್ಪ ಹೋದಂದಿನಿಂದ ಆ ಮಗು ನಕ್ಕಿರಲಿಲ್ಲ. ಯಾರು ಮಾತಾಡಿಸಿದರೂ ತಾಯಿಯ ಸೆರಗು ಹಿಡಿದು ನಿಂತುಬಿಡುತ್ತಿತ್ತು. ಅಕ್ಕಪಕ್ಕದ ಹೆಂಗಸರು, "ನಗೋ ಪಿಚ್ಚರ್ರಂತೆ. ನಾವೆಲ್ಲ ಹೋಗ್ತಿದೀವಿ, ನೀನೂ ಬಾರೆ, ಮಗು ಒಂದಿನ ನಗ್ಲಿ" ಎಂದು ಒತ್ತಾಯ ಮಾಡಿ ಹೊರಡಿಸಿದ್ದರು.

ಅವಳು ಮಗುವನ್ನು ಅವರ ಜೊತೆ ಬಿಟ್ಟು, ತಾನೊಬ್ಬಳೇ ಮುಂದೆ ಬಂದು ಮೆಲ್ಲಗೆ ಕೇಳಿದಳು.

"ಅಣ್ಣ, ಇದ್ರಲ್ಲಿ ನೀರಿಂದು ಏನಾದ್ರೂ ಇದ್ಯಾ? ಕೆರೆ, ಹೊಳೆ, ಯಾರಾದ್ರೂ ನೀರಿಗೆ ಬೀಳೋದು? ಇದ್ರೆ ಹೇಳ್ಬುಡಿ, ನಾವು ಹಿಂಗೇ ವಾಪಸ್ ಹೋಗ್ತೀವಿ."

ನಾನು ನೋಡಿಲ್ಲ ಕಣಮ್ಮ ಎಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತುದಿಗೆ ಆ ಮಾತು ಬಂದಿತ್ತು ಕೂಡ. ಆದರೆ ಸಭೆಯಲ್ಲಿದ್ದ ನಾಲ್ಕು ಜನ ತಾಯಂದಿರು ಅಲ್ಲೇ ಟಿಕೆಟ್ ಸಾಲಿನಲ್ಲಿದ್ದರು. ಎರಡು ಗಂಟೆ ಹಿಂದೆ ನೋಡದೆ ಕರೆದೊಯ್ಯಬೇಡಿ ಎಂದು ಮೈಕಿನಲ್ಲಿ ಹೇಳಿದವನು ತಾನೇ ನೋಡಿಲ್ಲ ಎನ್ನುವುದು ಹೇಗೆ? ಒಂದು ಫೈಟೂ ಇಲ್ಲವಂತೆ, ನಗುವ ಸಿನಿಮಾ, ಅದರಲ್ಲಿ ಏನಿದ್ದೀತು ಎಂದುಕೊಂಡ.

"ಅಂಥದ್ದೇನೂ ಇಲ್ಲ ಕಣಮ್ಮ. ಧಾರಾಳವಾಗಿ ಕರ್ಕೊಂಡ್ ಹೋಗು."

ಇಂಟರ್‌ವಲ್ ಆಗಿ ಇಪ್ಪತ್ತು ನಿಮಿಷವಾಗಿರಬಹುದು. ಒಳಗೆ ಜನ ಹೋ ಎಂದು ನಕ್ಕರು. ಆ ನಗುವಿನ ನಡುವೆ ಒಂದು ಮಗುವಿನ ಕೂಗು ಕೇಳಿಸಿತು. ರಾಮಾಂಜಿನಯ್ಯ ಬಾಗಿಲು ತಳ್ಳುವಷ್ಟರಲ್ಲಿ ಶಶಿರೇಖಾ ಮಗುವನ್ನು ಅವುಚಿಕೊಂಡು ಆಚೆ ಬಂದಳು. ಮಗು ಅವಳ ತೋಳಿನಿಂದ ಜಾರಿ ಒಳಗೆ ಓಡಲು ಒದ್ದಾಡುತ್ತಿತ್ತು. ಅಳುತ್ತಿರಲಿಲ್ಲ. ಮುಖವೆಲ್ಲ ಅರಳಿತ್ತು.

"ಅಮ್ಮಾ, ಅಪ್ಪ ಆಚೆ ಬರ್ತಾರೆ! ಬಚ್ಚಿಟ್ಕೊಂಡವ್ರೆ ಅಷ್ಟೇ! ಬಾ ಹೋಗನ!"

ಶಶಿರೇಖಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಸಿಕ್ಕಿಸಿಕೊಳ್ಳುವುದನ್ನೂ ಮರೆತು ಬಿಸಿಲಿನಲ್ಲಿ ನಡೆದುಹೋದಳು.

ಸಂಜೆಯ ಆಟವನ್ನು ರಾಮಾಂಜಿನಯ್ಯ ನಿಂತು ನೋಡಿದ. ಒಂದು ಸಂಸಾರ ಪಿಕ್‌ನಿಕ್‌ಗೆ ಹೋಗುತ್ತದೆ. ದೊಡ್ಡ ಜಲಾಶಯ. ಅಪ್ಪ ನೀರಿಗೆ ಹಾರಿ ಮುಳುಗಿಬಿಡುತ್ತಾನೆ. ಹೆಂಡತಿ ಮಕ್ಕಳು ದಡದಲ್ಲಿ ಬಾಯಿ ಬಡಿದುಕೊಂಡು ಅಳುತ್ತಾರೆ, ಪೊಲೀಸರು ಬರುತ್ತಾರೆ. ಅಷ್ಟರಲ್ಲಿ ಅಪ್ಪ ಇನ್ನೊಂದು ಕಡೆಯಿಂದ, ತಲೆ ಮೇಲೆ ಪಾಚಿ ಹೊತ್ತುಕೊಂಡು ಎದ್ದು, "ಹೆಂಗೆ ಹೆದರಿಸಿದೆ?" ಎಂದು ನಗುತ್ತಾನೆ. ಚಿಕ್ಕವರು ದೊಡ್ಡವರು ಎಲ್ಲರೂ ಚಪ್ಪಾಳೆ ಹೊಡೆದರು. ಬೆಳಗಿನ ಆಟ ನೋಡಿದ್ದರೂ ಬೇರೆ ಮಕ್ಕಳಿಗೆ ಅವನು ಬೇಡ ಎನ್ನುತ್ತಿರಲಿಲ್ಲ. ಆದರೆ ಶಶಿರೇಖಾ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುತ್ತಿತ್ತು. ಅವನು ಗೋಡೆಗೆ ಒರಗಿ ನಿಂತ. ಸಿನಿಮಾ ಮುಗಿದು ಜನರೆಲ್ಲ ಹೋದ ಮೇಲೂ ಬೆಟ್ಟಸ್ವಾಮಿ ಬಂದು ಕರೆಯುವವರೆಗೆ ಅಲ್ಲೇ ನಿಂತಿದ್ದ.

ನಾಲ್ಕು ದಿನ ಕಳೆದವು. ಮಂಗಳವಾರ ಮಧ್ಯಾಹ್ನ ಸಿಂಚನಾ ಅಂಗನವಾಡಿಯಿಂದ ಯಾರಿಗೂ ಕಾಣದಂತೆ ಆಚೆ ನಡೆದಳು. ಸುದ್ದಿ ತಿಳಿದು ಊರು ಹುಡುಕಲು ಹೊರಟಾಗ ಶಶಿರೇಖಾ ಮಾತ್ರ ನೆಟ್ಟಗೆ ಕೆರೆ ಏರಿಯ ಕಡೆ ಓಡಿದಳು. ಮಗು ಸೊಂಟದವರೆಗಿನ ನೀರಿನಲ್ಲಿ ನಿಂತು ಕೂಗುತ್ತಿತ್ತು. "ಅಪ್ಪಾ, ಸಿಕ್ಬಿದ್ದೆ! ಸಾಕು, ಆಚೆ ಬಾ!" ಈಜು ಬಾರದ ಶಶಿರೇಖಾ ಸೀರೆಯಲ್ಲೇ ಇಳಿದು ಎತ್ತಿಕೊಂಡಳು. ಬಟ್ಟೆ ಒಗೆಯುತ್ತಿದ್ದವರು ಅವರಿಬ್ಬರನ್ನೂ ದಡಕ್ಕೆ ಎಳೆದುಕೊಂಡರು.

ಗುಬ್ಬಿಗೆ ಸುದ್ದಿ ಹೋಯಿತು. ರವೀಶನ ಅಣ್ಣ ಅಂಜನ್‌ಕುಮಾರ್ ಮಾರನೇ ದಿನವೇ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಗಂಡ ಸತ್ತು ವರ್ಷ ತುಂಬಿಲ್ಲ, ಇವಳಿಗೆ ಸಿನಿಮಾ ಬೇಕಿತ್ತಾ ಎಂಬುದು ಅವರ ಮೊದಲ ಮಾತು. ಮಗುವಿನ ಕಣ್ಣಿಗೆ ಅಂಥದ್ದನ್ನು ತೋರಿಸಿ ನೀರಿಗೆ ದೂಡಿದಳಲ್ಲ ಎಂಬುದು ಎರಡನೆಯದು. ಶಶಿರೇಖಾ, "ನಾನ್ ಕೇಳ್ಕೊಂಡೇ ಹೋಗಿದ್ದು. ಗೇಟ್‌ನಲ್ಲಿ ರಾಮಾಂಜಿನಣ್ಣನ್ನ ಕೇಳ್ದೆ. ಇಲ್ಲ ಅಂದ್ರು" ಎಂದಳು. ಸರಿ, ಕೇಳಿಯೇ ಬಿಡೋಣ ಎಂದು ಎಲ್ಲರೂ ಟಾಕೀಸಿಗೆ ಬಂದರು.

ಮ್ಯಾಟಿನಿಯ ಹೊತ್ತು. ಸಾಲಿನಲ್ಲಿ ಜನವಿತ್ತು. ಮೆಟ್ಟಿಲ ಮೇಲೆ ಮಾಲೀಕ ರೇಣುಕಾಪ್ರಸಾದ್ ನಿಂತಿದ್ದ. ಅಂಜನ್‌ಕುಮಾರ್ ಜೋರು ದನಿಯವನೇನಲ್ಲ. ಮರ್ಯಾದೆಯಿಂದಲೇ ಕೇಳಿದ.

"ಯಜಮಾನ್ರೆ, ನಿಮ್ ಮಾತಂದ್ರೆ ಊರಲ್ಲಿ ಎಲ್ರಿಗೂ ನಂಬಿಕೆ ಅಂತಾರೆ. ಅದ್ಕೇ ಕೇಳ್ತಿದೀನಿ. ಶುಕ್ರವಾರ ಈಯಮ್ಮ ಒಳಗ್ ಹೋಗೋ ಮುಂಚೆ ನಿಮ್ಮನ್ನ ಕೇಳಿದ್ಲಾ, ನೀರಿನ ಸೀನ್ ಇದ್ಯಾ ಅಂತ?"

ಶಶಿರೇಖಾ ಹಿರಿಯರ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದಳು. ಸಾಲಿನಲ್ಲಿದ್ದವರೂ ಕಿವಿಗೊಟ್ಟಿದ್ದರು. ಹೌದು ಎಂದರೆ, ನೋಡದೆಯೇ ಹೇಳಿದೆ ಎಂದೂ ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷ ಒಂದೊಂದೇ ಶುಕ್ರವಾರ ಸಂಪಾದಿಸಿದ ಹೆಸರು ಅಲ್ಲಿಗೆ ಹೋಗುತ್ತದೆ.

"ದಿನಾ ನೂರಾರ್ ಜನ ಕೇಳ್ತಾರೆ ಸ್ವಾಮಿ. ಯಾರ್ ಏನ್ ಕೇಳಿದ್ರೋ, ನಂಗೆ ನೆನಪಿಲ್ಲ."

ಶಶಿರೇಖಾ ಇನ್ನೂ ಸ್ವಲ್ಪ ಹೊತ್ತು ಅವನ ಮುಖ ನೋಡಿದಳು, ಸೆರಗು ಹೊದ್ದು ತಿರುಗಿ ನಡೆದಳು. ಅದೇ ವಾರ ಸಿಂಚನಾಳನ್ನು ತಾಯಿಯಿಂದ ಬಿಡಿಸಿ ಗುಬ್ಬಿಗೆ ಕರೆದೊಯ್ದರು. ಶಶಿರೇಖಾಳ ತವರಿನವರು ಬಡವರು, ಮದುವೆಗೆ ಬಂದ ಇನ್ನೊಬ್ಬ ಮಗಳು ಬೇರೆ ಇದ್ದಳು. ಮಗು ಆ ಮನೆಯಲ್ಲೇ ಬೆಳೆಯಲಿ ಎಂದು ಒಪ್ಪಿಬಿಟ್ಟರು. ಕೆಲವು ತಿಂಗಳ ಮೇಲೆ ಶಶಿರೇಖಾ ತುಮಕೂರಿನ ಸತ್ಯಮಂಗಲದ ಕಡೆ ಯಾವುದೋ ಕಾರ್ಖಾನೆಗೆ ಸೇರಿದಳೆಂದು ಯಾರೋ ಹೇಳಿದರು.

"ನೆನಪಿಲ್ಲ" ಎಂದ ಆ ಸಂಜೆಯೇ ರಾಮಾಂಜಿನಯ್ಯ ಹೆಂಡತಿಗೆ ಎಲ್ಲವನ್ನೂ ಹೇಳಿದ್ದ. ರಂಗಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಗುಬ್ಬಿ ಏನ್ ದೂರಾನಾ? ಬೆಳಿಗ್ಗೆ ಬಸ್ ಹತ್ತಿ ಹೋಗಿ ಹೇಳ್ಬುಡಿ. ನಾನೂ ಬರ್ತೀನಿ ಬೇಕಾದ್ರೆ. ಮಗು ಹೆತ್ತೋಳ್ ಮೇಲೆ ಇಂಥ ಮಾತು ನಿಲ್ಲುಸ್ಬಾರ್ದು ಕಣ್ರೀ."

"ಒಸಿ ತಣ್ಣಗಾಗ್ಲಿ, ಹೋಗ್ತೀನಿ" ಎಂದ.

ಎರಡು ತಿಂಗಳಾದ ಮೇಲೆ ಒಂದು ಸಲ ಹೋದ ಕೂಡ. ತುಮಕೂರಿನಲ್ಲಿ ಬಸ್ ಬದಲಾಯಿಸಿ ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಹೋಟೆಲಿನಲ್ಲಿ ಕೂತು ಕಾಫಿ ಕುಡಿದ. ಇನ್ನೊಂದು ಕಾಫಿ ಹೇಳಿದ. ಆಮೇಲೆ ಎದ್ದು, ತುಮಕೂರಿಗೆ ಹೊರಟು ನಿಂತಿದ್ದ ಬಸ್ಸನ್ನೇ ಹತ್ತಿ ವಾಪಸು ಬಂದ. ರಂಗಲಕ್ಷ್ಮಮ್ಮ ಏನಾಯಿತೆಂದು ಕೇಳಲಿಲ್ಲ, ಮುಖ ನೋಡಿಯೇ ತಿಳಿದುಕೊಂಡಳು. ಆ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಟಾಕೀಸಿನಲ್ಲಿ ಹೆಂಗಸರು ಮೊದಲಿನಂತೆಯೇ ಕೇಳುತ್ತಿದ್ದರು. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಅವನ ಹೆಸರಿಗೆ ಒಂದಿಷ್ಟೂ ಧಕ್ಕೆ ಬಂದಿರಲಿಲ್ಲ, ಊರೆಲ್ಲ ಶಶಿರೇಖಾಳನ್ನೇ ಆಡಿಕೊಂಡಿತ್ತು. "ಬೋರ್ಡ್‌ನಲ್ಲಿ ಬರ್ದವ್ರೆ, ನೋಡ್ಕಳಿ" ಎಂದು ಅವನು ಮುಖ ತಿರುಗಿಸತೊಡಗಿದ. ಬರಬರುತ್ತಾ ಕೇಳುವವರೂ ಕಡಿಮೆಯಾದರು. ಎಲ್ಲರ ಮನೆಗೂ ಮೊಬೈಲ್ ಬಂತು. ಅಳುವ ಮಗುವಿನ ಕೈಗೆ ಫೋನು ಕೊಟ್ಟು ಅಡುಗೆ ಮಾಡುವ ಕಾಲ ಬಂತು. ಕೊರೊನಾದಲ್ಲಿ ಮುಚ್ಚಿದ ಟಾಕೀಸು ಮತ್ತೆ ತೆರೆಯಲೇ ಇಲ್ಲ. ರೇಣುಕಾಪ್ರಸಾದ್ ಅದನ್ನು ಗೋಡೌನಿಗೆ ಬಾಡಿಗೆ ಕೊಟ್ಟ. ಕೈಕಾಲು ಗಟ್ಟಿಯಿದ್ದ ರಾಮಾಂಜಿನಯ್ಯನಿಗೆ ಪರಿಚಯದವರಿಗೆ ಹೇಳಿ ತುಮಕೂರಿನ ಮಾಲಿನ ಸಿನಿಮಾ ಹಾಲಿನಲ್ಲಿ ಗೇಟಿನ ಕೆಲಸ ಕೊಡಿಸಿದ.

ಅಲ್ಲಿ ನೀಲಿ ಯೂನಿಫಾರ್ಮು, ಎದೆಗೊಂದು ಹೆಸರಿನ ಪಟ್ಟಿ. ಫೋನಿನಲ್ಲಿ ತೋರಿಸುವ ಟಿಕೆಟ್ಟಿಗೆ ಮೆಷಿನ್ ಹಿಡಿಯಬೇಕು. ದೊಡ್ಡವರ ಸಿನಿಮಾಕ್ಕೆ ಬಂದವರ ವಯಸ್ಸು ನೋಡಬೇಕು. ಉಳಿದ ಸಿನಿಮಾಗಳಿಗೂ ಈಗ ಏಳು, ಹದಿಮೂರು, ಹದಿನಾರು ಎಂದು ಬೇರೆ ಬೇರೆ ವಯಸ್ಸು ಬರೆಯುತ್ತಾರೆ. ಆದರೆ ಅದನ್ನು ನೋಡಿಕೊಳ್ಳುವುದು ತಂದೆತಾಯಿಗೆ ಬಿಟ್ಟದ್ದು, ಗೇಟಿನವನು ತಡೆಯುವಂತಿಲ್ಲ. ನಾಲ್ಕು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ತಲೆ ಕಡಿಯುವ ಸಿನಿಮಾಕ್ಕೆ ಬಂದ ಅಪ್ಪನೊಬ್ಬನಿಗೆ ಒಮ್ಮೆ ಬಾಯಿತಪ್ಪಿ ಹೇಳಿದ. "ಮಗು ಹೆದರ್ಕೊತದೆ ಸರ್." ಆತ, "ದುಡ್ ಕೊಟ್ಟಿರೋನು ನಾನು. ಸ್ಕ್ಯಾನ್ ಮಾಡಪ್ಪ ಸುಮ್ನೆ" ಎಂದ. ರಾಮಾಂಜಿನಯ್ಯ ಸ್ಕ್ಯಾನ್ ಮಾಡಿದ.

ಕಳೆದ ವರ್ಷ, ಅಂದರೆ ಇಪ್ಪತ್ತೈದನೇ ಇಸವಿಯಲ್ಲಿ, ಒಂದು ಮಧ್ಯಾಹ್ನ ಕಾಲೇಜಿನ ನಾಲ್ಕು ಹುಡುಗಿಯರು ದೊಡ್ಡವರ ಸಿನಿಮಾಕ್ಕೆ ಟಿಕೆಟ್ ಹಿಡಿದು ಬಂದರು. ಅವನು ಆಧಾರ್ ಕಾರ್ಡ್ ಕೇಳಿದ. ಮೂವರದು ಸರಿಯಿತ್ತು. ನಾಲ್ಕನೆಯವಳು ತೋರಿಸಿದ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ಹದಿನೆಂಟಕ್ಕೆ ಇನ್ನೂ ಏಳು ತಿಂಗಳಿತ್ತು. ಹೆಸರು ಸಿಂಚನಾ. ತಂದೆ ರವೀಶ್. ಊರು ಗುಬ್ಬಿ.

ತಲೆ ಎತ್ತಿ ಹುಡುಗಿಯ ಮುಖ ನೋಡಿದ. ತಾಯಿಯದೇ ಹಣೆ, ತಾಯಿಯದೇ ಹುಬ್ಬು.

"ಬಿಡಿ ತಾತ, ಏಳ್ ತಿಂಗ್ಳು ತಾನೇ? ಇದಕ್ಕಿಂತ ಕೆಟ್ಟದ್ದು ಮೊಬೈಲ್‌ನಲ್ಲೇ ಬರುತ್ತೆ" ಎಂದಳು ಹುಡುಗಿ.

"ಬಿಡಕ್ಕಾಗಲ್ಲ ಕಣಮ್ಮ." ಫೋನ್ ಹಿಂದಿರುಗಿಸದೆ ಕೇಳಿದ. "ನಿಮ್ಮಮ್ಮ ಶಶಿರೇಖಾ ಅಲ್ವಾ? ಚೆನ್ನಾಗವ್ಳಾ?"

ಹುಡುಗಿಯ ಮುಖ ಬಿಗಿಯಿತು. "ನಿಮಗೆ ಹೆಂಗ್ ಗೊತ್ತು? ಸತ್ಯಮಂಗಲದಲ್ಲವ್ರೆ. ನಾನ್ ಅಷ್ಟಾಗಿ ಹೋಗಲ್ಲ."

"ಯಾಕವ್ವ?"

"ಅವ್ರಿಗೆ ಸಿನಿಮಾ ಹುಚ್ಚಂತೆ. ಅಪ್ಪ ತೀರ್ಕೊಂಡ್ರೂ ಸಿನಿಮಾ ಬಿಡ್ಲಿಲ್ವಂತೆ, ನನ್ನೇ ಬಿಟ್ಟು ಹೋದ್ರಂತೆ. ಅಜ್ಜಿ ಹೇಳಿದ್ರು." ಅಪರಿಚಿತನ ಮುಂದೆ ಇಷ್ಟು ಹೇಳಿಬಿಟ್ಟೆನಲ್ಲ ಎಂದು ಅವಳಿಗೇ ಇರಿಸುಮುರಿಸಾಯಿತೇನೋ, ಫೋನನ್ನು ಅವನ ಕೈಯಿಂದ ಕಸಿದುಕೊಂಡು ಗೆಳತಿಯರಿಗೆ, "ನೀವ್ ಹೋಗ್ರೇ, ನಾನ್ ಟ್ರೈನ್‌ಗೆ ಹೋಗ್ತೀನಿ" ಎಂದು ಎಸ್ಕಲೇಟರ್ ಇಳಿದುಹೋದಳು. ಅವನು "ಅಮ್ಮಾ, ಒಂದ್ನಿಮ್ಷ" ಎಂದ. ಹಿಂದೆ ಸಾಲಿನಲ್ಲಿದ್ದವರು ಗದರಿದರು.

ಆ ವಾರದ ರಜೆಯ ದಿನ ಅವನು ಸತ್ಯಮಂಗಲಕ್ಕೆ ಹೋದ. ಮೂರು ಕಾರ್ಖಾನೆಗಳ ಗೇಟಿನಲ್ಲಿ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಶೀಟಿನ ವಠಾರದಲ್ಲಿ ಕೊನೆಯದು. ಶಶಿರೇಖಾ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಕೂದಲು ಆಗಲೇ ನೆರೆತಿತ್ತು. ಅವನನ್ನು ಕಂಡ ಕೂಡಲೇ ಗುರುತು ಹಿಡಿದಳು.

"ಒಳಗ್ ಬನ್ನಿ" ಎಂದು ಚಾಪೆ ಹಾಸಿದಳು.

ಅವನು ಕೂರಲಿಲ್ಲ. ನಿಂತೇ ಹೇಳಿದ. ಶಾಲೆಯ ಸಭೆ, ಶಾಲು, ನೋಡದೆ ಹೇಳಿದ ಮಾತು, ಆಮೇಲಿನ ಸುಳ್ಳು, ಗುಬ್ಬಿಯ ಬಸ್ ಸ್ಟ್ಯಾಂಡಿನಿಂದ ತಿರುಗಿ ಬಂದದ್ದು, ಯಾವುದನ್ನೂ ಬಿಡಲಿಲ್ಲ. ಶಶಿರೇಖಾ ಮೊರದಲ್ಲಿ ಬೆರಳಾಡಿಸುತ್ತಾ ಕೇಳಿದಳು.

"ನಿಮಗೆ ನೆನಪಿತ್ತು ಅಂತ ಅವತ್ತೇ ಗೊತ್ತಿತ್ತು ನಂಗೆ."

"ಮತ್ ಯಾಕಮ್ಮ ಸುಮ್ನಾದೆ? ಜಗಳ ಆಡ್ಬೇಕಿತ್ತು ನೀನು. ನನ್ ಕಾಲರ್ ಹಿಡ್ಕೊಂಡ್ ಕೇಳ್ಬೇಕಿತ್ತು."

"ನಾನ್ ಹೇಳ್ದೆನಲ್ಲ ಎಲ್ರ ಮುಂದೆ. ನನ್ ಮಾತ್ ಯಾರಣ್ಣ ಕೇಳ್ತಾರೆ? ಊರೋರೆಲ್ಲ ಕೇಳ್ತಿದ್ದದ್ದು ನಿಮ್ ಮಾತು." ಅವಳ ದನಿ ಏರಲಿಲ್ಲ. "ಮೊದ್ಲು ಸಿಟ್ಟಿತ್ತು. ಎರಡ್ಮೂರ್ ವರ್ಷ ಆದ್ಮೇಲೆ ಇನ್ನೊಂಥರಾ ಆಯ್ತು. ಅಷ್ಟ್ ದೊಡ್ಡ ಮನುಷ್ಯ ನೆನಪಿಲ್ಲ ಅಂದ್ರಲ್ಲ, ನಾನ್ ನಿಜವಾಗ್ಲೂ ಕೇಳೇ ಇಲ್ವೇನೋ, ಮನಸ್ನಲ್ಲಿ ಅಂದ್ಕೊಂಡು ಹಂಗೇ ಒಳಗ್ ಹೋಗ್ಬಿಟ್ನೇನೋ ಅನ್ಸಕ್ ಶುರುವಾಯ್ತು. ಈಗ್ಲೂ ಒಂದೊಂದ್ ದಿನ ಅನ್ಸುತ್ತೆ."

ರಾಮಾಂಜಿನಯ್ಯ ಚಾಪೆಯ ಮೇಲೆ ಕುಸಿದು ಕೂತ. ಮಗುವನ್ನು ಅವಳಿಂದ ದೂರ ಮಾಡಿದೆ ಎಂದು ಹನ್ನೆರಡು ವರ್ಷ ಅವನು ಕೊರಗಿದ್ದ. ಅವಳ ನೆನಪಿನ ಮೇಲೆಯೇ ಅವಳಿಗೆ ನಂಬಿಕೆ ಇಲ್ಲದಂತೆ ಮಾಡಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ.

"ನೀನ್ ಕೇಳಿದ್ದೆ ಕಣಮ್ಮ. ಕೆರೆ, ಹೊಳೆ, ಯಾರಾದ್ರೂ ನೀರಿಗೆ ಬೀಳೋದು ಇದ್ಯಾ ಅಂತ ಕೇಳಿದ್ದೆ. ಇದ್ರೆ ಹಿಂಗೇ ವಾಪಸ್ ಹೋಗ್ತೀವಿ ಅಂದಿದ್ದೆ. ನಿನ್ ಒಂದೊಂದ್ ಮಾತೂ ನಂಗೆ ನೆನಪಿದೆ."

ಅವಳು ಮೊರವನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಅತ್ತಳು. ಗುಬ್ಬಿಗೆ ಹೋಗಿ ಹೇಳುತ್ತೇನೆ ಎಂದು ಅವನು ಹೊರಟಾಗ ಅವನ ಫೋನ್ ನಂಬರನ್ನು ಬರೆದಿಟ್ಟುಕೊಂಡಳು.

ಮಾರನೇ ದಿನ ಕೆಲಸಕ್ಕೆ ರಜೆ ಹೇಳಿ ರಂಗಲಕ್ಷ್ಮಮ್ಮನನ್ನೂ ಕರೆದುಕೊಂಡು ಗುಬ್ಬಿಗೆ ಹೋದ. ಶಶಿರೇಖಾಳ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಅಂಜನ್‌ಕುಮಾರ್ ನಡುಮನೆಯಲ್ಲಿ ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ.

"ನೀವ್ ಅವತ್ತು ಹೂಂ ಅಂದಿದ್ರೆ ಮಗೂನ ಕರ್ಕೊಂಡ್ ಬರ್ತಿರ್ಲಿಲ್ಲ ಅಂತ ಹೇಳಲ್ಲ ಯಜಮಾನ್ರೆ. ಮಗು ಕೆರೆಗ್ ಹೋಗಿತ್ತು, ನಾವೂ ಹೆದರಿದ್ವಿ. ಆದ್ರೆ ಒಂದೆರಡು ವರ್ಷಕ್ಕೆ ಕಳಿಸ್ತಿದ್ವೇನೋ. ನಮ್ಮವ್ವ ಆಯಮ್ಮನ್ ಮೇಲೆ ಸಿನಿಮಾ ಹುಚ್ಚು ಅನ್ನೋ ಮಾತು ಆಡ್ತಿರ್ಲಿಲ್ಲ. ನಾನೂ ಆಡ್ದೆ."

ಒಳಮನೆಯ ಬಾಗಿಲಲ್ಲಿ ಸಿಂಚನಾ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

"ನಾನ್ ಕೆರೆ ಒಳಗ್ ಹೋಗಿದ್ನಾ?" ಎಂದು ಕೇಳಿದಳು. ಅವಳಿಗೆ ಆ ವಿಷಯವನ್ನೇ ಯಾರೂ ಹೇಳಿರಲಿಲ್ಲ. ಮಗು ಹೆದರದಿರಲಿ ಎಂದು ದೊಡ್ಡವರು ಮುಚ್ಚಿಟ್ಟಿದ್ದರು.

"ಹೋಗಿದ್ದೆ ಕಣವ್ವ" ಎಂದ ರಾಮಾಂಜಿನಯ್ಯ. "ಸೊಂಟದ್ ಮಟ ನೀರಲ್ಲಿದ್ದೆ. ನಿಮ್ಮಮ್ಮ ಇಳಿದು ಎತ್ಕೊಂಡ್ಲು. ಅವ್ಳಿಗೆ ಈಜ್ ಬರಲ್ಲ."

ಸಿಂಚನಾ ದೊಡ್ಡಪ್ಪನ ಮುಖ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಹೊತ್ತಾದರೂ ಆಚೆ ಬರಲಿಲ್ಲ. ದಂಪತಿಗಳು ಎದ್ದು ಬಂದರು. ಬಸ್ಸಿನಲ್ಲಿ ರಂಗಲಕ್ಷ್ಮಮ್ಮ ಒಂದೇ ಮಾತು ಆಡಿದಳು. "ಆವತ್ತೇ ಬಂದಿದ್ರೆ ಮಗು ಇಷ್ಟುದ್ದ ಇರ್ತಿತ್ತು" ಎಂದು ಕೈಯನ್ನು ಸೀಟಿನ ಎತ್ತರಕ್ಕೆ ಹಿಡಿದು ತೋರಿಸಿದಳು. ಅವನು ಕಿಟಕಿಯ ಆಚೆ ನೋಡುತ್ತಾ ಕೂತ.

ಒಂದೂವರೆ ತಿಂಗಳ ಮೇಲೆ ಶಶಿರೇಖಾ ಫೋನ್ ಮಾಡಿದಳು. ಅವನು ಗೇಟಿನಲ್ಲಿದ್ದ. ಪಕ್ಕದವನಿಗೆ ಮೆಷಿನ್ ಕೊಟ್ಟು ಮೆಟ್ಟಿಲ ಹತ್ತಿರ ಬಂದು ಕಿವಿಗಿಟ್ಟುಕೊಂಡ.

"ಭಾನುವಾರ ಬಂದಿದ್ಲು ಅಣ್ಣ. ಒಬ್ಳೇ ಬಂದ್ಲು."

"ಮಾತಾಡಿದ್ಲಾ?"

"ಇಲ್ಲ, ಅಷ್ಟೊಂದೇನಿಲ್ಲ. ಮನೆ ನೋಡಿದ್ಲು. ಅವ್ರಪ್ಪನ ಫೋಟೋ ಕೇಳಿ ಇಸ್ಕೊಂಡು ಮೊಬೈಲ್‌ನಲ್ಲಿ ತಕ್ಕೊಂಡ್ಲು. ಸಾಯಂಕಾಲದ್ ಟ್ರೈನಿಗೆ ಹೊರಟೋದ್ಲು. ಪರೀಕ್ಷೆ ಮುಗುದ್ಮೇಲೆ ಬರ್ತೀನಿ ಅಂದವ್ಳೆ." ಆಮೇಲೆ ತಾನಾಗಿಯೇ ಹೇಳಿದಳು. "ಬೆಳಿಗ್ಗೇನೇ ಎದ್ದು ಅವರೇಕಾಳ್ ಸಾರು ಮಾಡಿದ್ದೆ. ಚಿಕ್ಕೋಳಿದ್ದಾಗ ಅದಂದ್ರೆ ಪ್ರಾಣ ಬಿಡೋಳು. ಈಗ ತಿನ್ನಲ್ವಂತೆ, ಆಗಿ ಬರಲ್ವಂತೆ. ತಟ್ಟೆ ಮುಂದ್ ಕೂತ್ಕೊಂಡು, ನಂಗೆ ಬೇಜಾರಾಗ್ಬಾರ್ದು ಅಂತ ಬರೀ ಅನ್ನ ಮೊಸರು ತಿಂದ್ಲು. ಅವ್ಳಿಗ್ ಏನ್ ಇಷ್ಟ ಅಂತ ಕೇಳೋದೂ ಮರ್ತೋಯ್ತು ನಂಗೆ."

ರಾಮಾಂಜಿನಯ್ಯ, "ಮುಂದಿನ್ ಸಲ ಕೇಳಮ್ಮ" ಎಂದ.

"ಹೂಂ, ಕೇಳ್ತೀನಿ" ಎಂದು ಅವಳು ಫೋನ್ ಇಟ್ಟಳು. ಒಳಗೆ ಆಟ ಬಿಟ್ಟು ಜನ ಆಚೆ ಬರುತ್ತಿದ್ದರು. ಅವನು ಹೋಗಿ ಬಾಗಿಲು ಹಿಡಿದುಕೊಂಡು ನಿಂತ.